ಒಳಮಗ್ಗಲು ನೋಡಿ ಹಾಕಿದ ಓಟು

ಹಿರೇಬೆಂಡಿಗೇರಿಯ ಹೊಳೆವ್ವನಿಗೆ ಇಡೀ ಜಗತ್ತಿನಲ್ಲಿ ಒಬ್ಬರ ಮೇಲೆ ಮಾತ್ರ ಹೊಟ್ಟೆಕಿಚ್ಚು ಇತ್ತು. ಆದರೆ ಆ ಒಂದನ್ನೇ ಹತ್ತು ಹೆಂಗಸರಿಗೆ ಹಂಚಿದ್ದರೂ ಇನ್ನೂ ಮಿಗುತ್ತಿತ್ತು! ಎದುರುಮನೆಯ ಮಂಜವ್ವ ಕೆಮ್ಮಿದರೆ ಅದು ತನ್ನನ್ನು ಕಂಡೇ ಕೆಮ್ಮಿದ್ದು ಅಂತ ಹೊಳೆವ್ವನ ಲೆಕ್ಕ. ಮಂಜವ್ವನ ಎಮ್ಮೆ ಹೆಣ್ಣುಕರು ಹಾಕಿದ ದಿನ ಹೊಳೆವ್ವ ತಲೆನೋವು ಅಂತ ಹೇಳಿ ಉಣ್ಣದೆ ಮಲಗಿದಳು. ಮಲಗಿದ್ದೂ ಎಲ್ಲಿ ಅಂತೀರಿ? ಕಿಟಕಿಯ ಕೆಳಗೆ. ಗಿಣ್ಣ ಯಾರ್‍ಯಾರ ಮನೆಗೆ ಹೋಗುತ್ತದೆ ಅನ್ನುವುದು ಅಲ್ಲಿಂದ ಚೆನ್ನಾಗಿ ಕಾಣುತ್ತಿತ್ತು. ಮೊದಲ ಬಟ್ಟಲು ಅವಳ ಮನೆಗೇ ಬಂತು. ಅದಕ್ಕೂ ಸಿಟ್ಟು ಬಂತು.

ಇಬ್ಬರೂ ಕೌದಿ ಹೊಲಿಯುವವರು. ಹಳೆಯ ಸೀರೆ, ಹರಿದ ಧೋತರ, ದರ್ಜಿ ಕತ್ತರಿಸಿ ಬಿಟ್ಟ ಚಿಂದಿ, ಎಲ್ಲವನ್ನೂ ಒಂದರ ಮೇಲೊಂದು ಹಾಸಿ, ಅಂಚಿನಿಂದ ಶುರು ಮಾಡಿ, ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುವ ಕೆಲಸ. ತಿಂಗಳು ಹಿಡಿಯುತ್ತದೆ. ಮುಗಿದ ಮೇಲೂ ಒಂದು ಮೂಲೆಯನ್ನು ಬಾಯಿ ತೆರೆದು ಬಿಡುತ್ತಾರೆ. ಕೌದಿಯನ್ನು ಕೊಡುವ ದಿನ ಆ ಬಾಯೊಳಗೆ ಒಂದು ಚೂರು ರೊಟ್ಟಿ ಇಟ್ಟು, ಅದರ ಹೊಟ್ಟೆ ತುಂಬಿಸಿ, ಆಮೇಲೆ ಮೂಲೆ ಹೊಲಿಯಬೇಕು. ಹಸಿದ ಕೌದಿ ಚಳಿ ತಡೆಯುವುದಿಲ್ಲ ಅಂತ ಆ ಓಣಿಯ ಹೆಂಗಸರ ನಂಬಿಕೆ. ರೊಟ್ಟಿ ಹೊಕ್ಕಿತು ಅಂದರೆ ಕೌದಿ ಮುಗಿಯಿತು. ಆಮೇಲೆ ಅದನ್ನು ಬಿಚ್ಚುವ ಹಾಗಿಲ್ಲ.

ಹೊಳೆವ್ವನ ಕೌದಿಯಲ್ಲಿ ಮೇಲ್ಮಗ್ಗಲು ಯಾವುದು, ಒಳಮಗ್ಗಲು ಯಾವುದು ಅಂತ ಹೇಳುವುದೇ ಕಷ್ಟ. ಎರಡೂ ಕಡೆ ಒಂದೇ ಸಾಲು, ಒಂದೇ ಅಳತೆ. ಹೊಲಿಗೆ ಒಂದು ಜೋಳದ ಕಾಳಿನಷ್ಟು ಆಚೆ ಸರಿಯಿತೋ, ಅಷ್ಟೂ ಸಾಲು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. “ಮ್ಯಾಲಿಂದು ಬಂದವರು ನೋಡಿ ಹೋಗ್ತಾರ, ಒಳಗಿಂದು ಹೊತ್ಕೊಂಡವರ ಮೈಗೆ ಹತ್ತತೈತಿ” ಅಂತ ಅವಳ ಅವ್ವ ಹೇಳಿಕೊಟ್ಟಿದ್ದು. ಮಂಜವ್ವನದು ಬೇರೆ ರೀತಿ. ಬಣ್ಣ ಹೊಂದಿಸುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಹಳದಿಯ ಪಕ್ಕ ನೀಲಿ, ನೀಲಿಯ ಪಕ್ಕ ಗುಲಾಬಿ, ಬಿಸಿಲಿಗೆ ಹಾಕಿದರೆ ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ಎಲ್ಲಾದರೂ ಹೊಲಿಗೆ ತಪ್ಪಿದರೆ ಬಿಚ್ಚುವವಳಲ್ಲ. ಮೇಲೊಂದು ಚಂದದ ತುಂಡು ಇಟ್ಟು ತ್ಯಾಪಿ ಹೊಲಿದು, “ಆತು ನೋಡು” ಅಂತ ನಗುತ್ತಿದ್ದಳು. ಒಳಮಗ್ಗಲು ತಿರುವಿದರೆ ದಾರವೆಲ್ಲಾ ಗೋಜಲು. ಯಾರು ತಿರುವುತ್ತಾರೆ? ಶಿಗ್ಗಾಂವಿಯಿಂದ, ದುಂಡಸಿಯಿಂದ, ಬಾಣಂತಿ ಮಗಳಿಗೆ ಕೌದಿ ಬೇಕು ಅಂತ ಬಸ್ಸು ಇಳಿದವರೆಲ್ಲಾ ಸೀದಾ ಮಂಜವ್ವನ ಕಟ್ಟೆಗೆ ಹೋಗಿ ಕುಳಿತುಕೊಳ್ಳುತ್ತಿದ್ದರು. ಹೊಳೆವ್ವ ತಲೆ ಎಣಿಸುತ್ತಿದ್ದಳು.

“ಇವತ್ತ ನಾಕ ಮಂದಿ ಬಂದಿದ್ರು ಅಕಿನ ಕಡೆ” ಅನ್ನುತ್ತಿದ್ದಳು, ಹೊಲದಿಂದ ಬಂದ ಗಂಡ ನೀಲಪ್ಪ ಕಾಲು ತೊಳೆಯುವ ಮೊದಲೇ.

“ನಾಕ ಮಂದಿ ಬಂದ್ರ ಬರ್ಲಿ ಬಿಡ, ನೀರ ಕೊಡು.”

“ಅದರಾಗ ಒಬ್ಬಾಕಿ ನನ್ನ ಕಟ್ಟಿ ಮುಂದಿಂದ ಹಾದು ಹೋದ್ಲು! ತಿರುಗಿ ಸೈತ ನೋಡಲಿಲ್ಲ!”

“ಮಂಜವ್ವ ಬಾವಿ ಕಡೆ ಹೋದ್ರ ನೀ ಗುಡ್ಡದ ಕಡೆ ಹೋಗಾಕಿ. ನಿನ್ನ ಜೋಡಿ ಏನ್ ಮಾತಾಡ್ಲಿ ನಾ?”

ಎಂಬತ್ತನೆಯ ಇಸ್ವಿ ಹುಟ್ಟುವ ಹೊತ್ತಿಗೆ ಸರಿಯಾಗಿ ದೊಡ್ಡ ಇಲೆಕ್ಷನ್ ಬಂತು. ದಿಲ್ಲಿಗೆ ಎಂಪಿಯನ್ನು ಆರಿಸಿ ಕಳಿಸುವ ಇಲೆಕ್ಷನ್! ಡಿಸೆಂಬರಿನ ಚಳಿ, ಬೆಳಿಗ್ಗೆ ಜೀಪು, ಮಧ್ಯಾಹ್ನ ಜೀಪು, ಮೈಕಿನಲ್ಲಿ ಗಂಟಲು ಹರಿಯುವ ಹಾಗೆ ಕೂಗು. ಆ ಊರಲ್ಲಿ ಮಾತಾಡುತ್ತಿದ್ದುದು ಇಬ್ಬರ ಬಗ್ಗೆ. ಛತ್ರಿ ಗುರುತಿನ ಹಿರೇಕೆರೂರ ಕಡೆಯ ಸಾಹೇಬರು ಒಬ್ಬರು, ಕಂದೀಲು ಗುರುತಿನ ಹಾನಗಲ್ಲಿನ ವಕೀಲರು ಇನ್ನೊಬ್ಬರು.

ಹೊಳೆವ್ವನ ಓಟು ಯಾರಿಗೆ ಅನ್ನುವುದು ಮೊದಲೇ ಗಟ್ಟಿಯಾಗಿತ್ತು. ಕಂದೀಲಿಗೆ. ಯಾಕೆ ಅನ್ನುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ನಾಲ್ಕು ವರ್ಷದ ಹಿಂದೆ ಸವಣೂರಿನಲ್ಲಿರುವ ಅವಳ ಅಕ್ಕ ಶಾರವ್ವ ಗಂಡನನ್ನು ಕಳೆದುಕೊಂಡಾಗ, ಎರಡು ಎಕರೆ ಹೊಲ ಅವಳ ಹೆಸರಿಗೆ ಆಗಲಿ ಅಂತ ಈ ವಕೀಲರಿಂದಲೇ ಅರ್ಜಿ ಬರೆಸಿದ್ದರು. ಅರ್ಜಿ ಹೋಯಿತು, ಅಕ್ಕ ತಂಗಿ ಇಬ್ಬರೂ ಕೈ ಮುಗಿದು ಬಂದರು, ಕೆಲಸ ಮುಗಿಯಿತು ಅಂದುಕೊಂಡರು. ಹದಿನೈದು ದಿನಕ್ಕೆ, ಒಂದು ಭಾನುವಾರ, ವಕೀಲರು ತಾವೇ ಬಸ್ಸು ಹತ್ತಿಕೊಂಡು ಹೊಳೆವ್ವನ ಮನೆಗೆ ಬಂದರು. ಅಕ್ಕ ಅವತ್ತು ಅಲ್ಲೇ ಇದ್ದಳು. “ತಪ್ಪು ನಂದೈತವ್ವಾ. ಹೊಲದ ಸರ್ವೆ ನಂಬರ ತಪ್ಪು ಬರದೇನಿ. ಯಾರೂ ನೋಡಿಲ್ಲ, ರಾತ್ರಿ ಮಲಗಿದಾಗ ನನಗ ನೆನಪಾತು. ಹೊಸಾದು ಬರಕೊಂಡು ಬಂದೇನಿ, ಹೆಬ್ಬಟ್ಟು ಒತ್ತು” ಅಂದರು. ಅರ್ಧ ಲೋಟ ಚಹಾ ಕುಡಿದು ಹೊರಟು ಹೋದರು. ಊರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ತಾನು ಹೊಲಿದದ್ದನ್ನು ತಾನೇ ಬಿಚ್ಚಿದ ಗಂಡಸನ್ನು ಹೊಳೆವ್ವ ನೋಡಿದ್ದು ಅದೇ ಮೊದಲು! ಅವತ್ತಿನಿಂದ ಅವರು ಅವಳ ಮನಸ್ಸಿನಲ್ಲಿ ‘ನಮ್ಮ ವಕೀಲರು’.

ಆ ‘ನಮ್ಮ ವಕೀಲರು’ ಓಟು ಕೇಳಲು ಬಂದರಲ್ಲಾ, ಯಾರ ಕಟ್ಟೆಯ ಮೇಲೆ ಕುಳಿತರು?

ಮಂಜವ್ವನ ಕಟ್ಟೆಯ ಮೇಲೆ!

ಕಂದೀಲಿನ ಹುಡುಗರು ಯಾರೋ “ಆ ಓಣಿ ಹೆಂಗಸರು ಮಂಜವ್ವ ಹೇಳಿದಂಗ ಕೇಳ್ತಾರ” ಅಂದಿದ್ದರಂತೆ. ಹೊಳೆವ್ವ ಬಾಗಿಲ ಹಿಂದೆ ನಿಂತಳು. ಸೀರೆ ಬದಲಿಸಿದ್ದಳು, ಚಹಾಕ್ಕೆ ನೀರಿಟ್ಟಿದ್ದಳು. ಅವರೇ ತಿರುಗಿ “ಹೊಳೆವ್ವಾ” ಅಂತ ಕರೆಯಲಿ, ಆಮೇಲೆ ಹೊರಗೆ ಬಂದರಾಯಿತು ಅಂತ ಕಾದಳು. ನೀರು ಕುದಿದು ಕುದಿದು ಬತ್ತಿ ತಳ ಕಂಡಿತು. ಅವರು ಕರೆಯಲಿಲ್ಲ. ಜೀಪು ಹೋಯಿತು.

ಸಂಜೆಗೆ ಮಾಬೂಬಿ ಬಂದಳು. ಸವಣೂರಿನ ದರ್ಜಿ ಅಂಗಡಿಗಳಿಂದ ಚಿಂದಿ ಅರಿವೆ ಗಂಟು ಕಟ್ಟಿಕೊಂಡು ಬಂದು ಎರಡೂ ಮನೆಗೆ ಮಾರುವ ಮುದುಕಿ. ಎರಡೂ ಮನೆಯ ಸುದ್ದಿಯನ್ನೂ ಅದೇ ಗಂಟಿನಲ್ಲಿ ತರುತ್ತಿದ್ದಳು.

“ಏ ಹೊಳೆವ್ವಾ, ಕೇಳಿದೇನು? ವಕೀಲ ಸಾಬರು ಮಂಜವ್ವನ ಕೌದಿ ಕೈಯಾಗ ಹಿಡಿದು ಒಳಗ ತಿರುವಿ ನೋಡಿದ್ರು!”

ಹೊಳೆವ್ವನ ಮುಖ ಅರಳಿತು. “ನೋಡಿದ್ರಾ? ಆ ಗೋಜಲ ನೋಡಿದ್ರಾ? ಅಕಿ ಏನಂದ್ಲು?”

“ಅಕಿ ನಕ್ಕಳು. ‘ಒಳಮಗ್ಗಲ ನೋಡಬೇಕಂದ್ರ ನಂದಲ್ರಿ, ಎದುರುಮನಿ ಹೊಳೆವ್ವಕ್ಕಂದು ನೋಡ್ರಿ, ಈ ತಾಲೂಕಿನ್ಯಾಗ ಅಂಥಾ ಕೈ ಇಲ್ಲ’ ಅಂದ್ಲು. ಎಲ್ಲಾರ ಮುಂದ!”

ಹೊಳೆವ್ವ ಕೊಂಡ ಚಿಂದಿಯ ಗಂಟನ್ನು ಮೂಲೆಗೆ ನೂಕಿದಳು. ಕೆಟ್ಟದ್ದು ಆಡಿದ್ದರೆ ನಾಲ್ಕು ದಿನ ಸುಖವಾಗಿ ಬೈದುಕೊಂಡು ಇರಬಹುದಿತ್ತು. ಈಗ ಅದಕ್ಕೂ ಜಾಗ ಬಿಡಲಿಲ್ಲವಲ್ಲ! ಬಣ್ಣ ಅವಳದು, ಗಿರಾಕಿ ಅವಳದು, ವಕೀಲರೂ ಅವಳವರಾದರು, ಈಗ ದೊಡ್ಡ ಮನಸ್ಸು ಕೂಡ ಅವಳದೇ ಆಗಬೇಕಾ?

“ನಾ ಕಂದೀಲಿಗೆ ಓಟ ಹಾಕಂಗಿಲ್ಲ” ಅಂದಳು ರಾತ್ರಿ ಊಟಕ್ಕೆ ಕುಳಿತ ನೀಲಪ್ಪನಿಗೆ.

ನೀಲಪ್ಪನ ತುತ್ತು ಕೈಯಲ್ಲೇ ಉಳಿಯಿತು. “ಅಲ್ಲಲೇ, ಆ ವಕೀಲಗ ಹಾಕ್ತೇನಿ ಅಂತ ದೀಪಾವಳಿಯಿಂದ ಕುಣದಿ!”

“ಅಕಿ ಹಾಕೋ ಪೆಟಿಗ್ಯಾಗ, ಅಕಿ ಒತ್ತೋ ಗುರುತಿಗೆ ನಾನೂ ಒತ್ಲೇನು? ಸಾಯೂಕ್ಕಿಂತ ಮೊದಲ ಅದೊಂದು ಬಾಕಿ ಇತ್ತು.”

ಮರುದಿನವೇ ಛತ್ರಿ ಪಾರ್ಟಿಯ ಗುತ್ತೆಪ್ಪ ಬಂದ. ಊರಿನ ನಡುವೆ ಕಿರಾಣಿ ಅಂಗಡಿ ಇಟ್ಟಿದ್ದವನು. ಮಾತು ಬೆಣ್ಣೆ. “ಹೊಳೆವ್ವಕ್ಕಾ, ಸಾಹೇಬ್ರು ಇನ್ನ ಎಂಟು ದಿನಕ್ಕ ನಮ್ಮೂರಿಗೆ ಬರ್ತಾರ. ನಿಮ್ಮ ಕಟ್ಟಿ ಮ್ಯಾಲೇ ಕುಂದ್ರಸ್ತೇನಿ. ಅವರಿಗೆ ನಿಮ್ಮ ಕೈಯಾಂದೊಂದು ಕೌದಿ ಕೊಡ್ರಿ. ದಿಲ್ಲಿಗೆ ಹೋಕ್ಕೈತ್ರಿ ನಿಮ್ಮ ಕೌದಿ, ದಿಲ್ಲಿಗೆ!”

ದಿಲ್ಲಿ ಅಂದದ್ದು ಅವಳಿಗೆ ಕೇಳಿಸಿತು. ಆದರೆ ಅವಳ ಕಣ್ಣು ಇದ್ದದ್ದು ಗುತ್ತೆಪ್ಪನ ಹೆಗಲ ಮೇಲಿಂದ ಆಚೆ. ಎದುರು ಕಟ್ಟೆಯಲ್ಲಿ ಮಂಜವ್ವ ಸೂಜಿ ನಿಲ್ಲಿಸಿ ಈ ಕಡೆಯೇ ಕಿವಿ ಇಟ್ಟಿದ್ದಳು.

“ಕೊಡ್ತೇನಿ” ಅಂದಳು ಹೊಳೆವ್ವ, ಎದುರುಮನೆಗೆ ಕೇಳುವಷ್ಟು ಜೋರಾಗಿ.

ಅರ್ಧ ಹೊಲಿದ ಕೌದಿಯೊಂದು ಮನೆಯಲ್ಲಿತ್ತು. ಉಳಿದರ್ಧ ಎಂಟು ದಿನದಲ್ಲಿ ಆಗಬೇಕು. ಬೆಳಿಗ್ಗೆ ರೊಟ್ಟಿ ಬಡಿದವಳು ಸಂಜೆಯವರೆಗೆ ಎದ್ದರೆ ಕೇಳಿ! ಒಂದು ಕಣ್ಣು ಸೂಜಿಯ ಮೇಲೆ, ಒಂದು ಕಣ್ಣು ಎದುರು ಕಟ್ಟೆಯ ಮೇಲೆ. ಯಾರು ಬಂದರು, ಎಷ್ಟು ಹೊತ್ತು ಕುಳಿತರು, ಏನು ನಕ್ಕರು. ಆರನೆಯ ದಿನ ನೋಡುತ್ತಾಳೆ, ನಡುವಿನ ಒಂದು ಸಾಲು ಹಾವಿನ ಹಾಗೆ ಸೊಟ್ಟ ಹೋಗಿದೆ, ಅರಿವೆ ಸುಕ್ಕು ಹಿಡಿದಿದೆ, ಒಳಮಗ್ಗಲಲ್ಲಿ ದಾರ ಗಂಟು ಬಿದ್ದಿದೆ. ಬಿಚ್ಚಿದರೆ ಮೂರು ದಿನದ ಕೆಲಸ. ಇದ್ದದ್ದು ಎರಡೇ ದಿನ. ಹೊಳೆವ್ವ ಸುತ್ತ ನೋಡಿದಳು. ಮಾಬೂಬಿ ತಂದ ಗಂಟಿನಿಂದ ಒಂದು ಕೆಂಪು ತುಂಡು ಎಳೆದಳು. ಮೇಲೆ ಇಟ್ಟು ತ್ಯಾಪಿ ಹೊಲಿದುಬಿಟ್ಟಳು. ನಲವತ್ತೆರಡು ವರ್ಷಕ್ಕೆ ಅದು ಅವಳ ಮೊದಲ ತ್ಯಾಪಿ.

ನೋಡಲು ಎಷ್ಟು ಚಂದ ಇತ್ತು ಗೊತ್ತಾ! ಬಂದವರೆಲ್ಲಾ ಅದನ್ನೇ ಹೊಗಳಿದರು. ಸಾಹೇಬರು ಬರುವ ದಿನ ಬೆಳಿಗ್ಗೆ ಮಂಜವ್ವನೇ ಓಣಿ ದಾಟಿ ಬಂದಳು. ಕೌದಿಯ ಮೇಲೆ ಕೈಯಾಡಿಸಿದಳು. ಕೈ ಕೆಂಪು ತುಂಡಿನ ಮೇಲೆ ನಿಂತಿತು.

“ಯಕ್ಕಾ, ಇದೊಂದು ಎಷ್ಟ ಚಂದ ಕುಂತೈತಿ ಬೇ! ಈಗ ನೋಡು, ಥೇಟ್ ನನ್ನಂಗ ಹೊಲದಿ.”

ಕುಹಕ ಇರಲಿಲ್ಲ ಅವಳ ಮಾತಲ್ಲಿ. ಅದಕ್ಕೇ ಅದು ಚುಚ್ಚಿದ್ದು. ಹೊಳೆವ್ವ ಕೌದಿಯನ್ನು ತನ್ನ ಕಡೆ ಎಳೆದುಕೊಂಡಳು. ಇಪ್ಪತ್ತು ವರ್ಷದಿಂದ ಮಂಜವ್ವನ ಹಾಗೆ ಜನ ತನ್ನ ಕಟ್ಟೆಗೂ ಬರಲಿ ಅಂತ ಬಯಸಿದ್ದಳು ನಿಜ. ಮಂಜವ್ವನ ಹಾಗೆ ಹೊಲಿಯಬೇಕು ಅಂತ ಒಂದು ದಿನವೂ ಬಯಸಿರಲಿಲ್ಲ!

ಹನ್ನೊಂದು ಗಂಟೆಗೆ ಜೀಪು ಬಂತು. ಸಾಹೇಬರು ಬರುತ್ತಾರೆ ಅಂತ ಹಿಂದಿನ ದಿನವೇ ಆಳುಗಳನ್ನು ಹಚ್ಚಿ ರಸ್ತೆಯ ಗುಂಡಿಗಳಿಗೆ ಗರಸು ಸುರಿಸಿದ್ದರು. ಮೂರು ಜೀಪು ಹಾಯುವಷ್ಟರಲ್ಲಿ ಅರ್ಧ ಗರಸು ಚರಂಡಿ ಸೇರಿತ್ತು. ಸಾಹೇಬರು ಇಳಿದರು, ದೊಡ್ಡ ನಗು, ದೊಡ್ಡ ಹಾರ. ಹೊಳೆವ್ವನ ಕಟ್ಟೆಗೆ ಬಂದು ಕೌದಿಯ ಮೇಲೆ ಕುಳಿತರು. ಕುಳಿತದ್ದು ಸರಿಯಾಗಿ ಆ ಕೆಂಪು ತುಂಡಿನ ಮೇಲೆ. ಓಣಿ ತುಂಬಾ ಜನ. ಎದುರು ಕಟ್ಟೆಯಲ್ಲಿ ಮಂಜವ್ವ ನಿಂತಿದ್ದಳು. ಅವಳ ಮುಖದಲ್ಲಿ ನಗು ಇರಲಿಲ್ಲ, ಕೆಳತುಟಿ ಹಲ್ಲಿನಲ್ಲಿ ಹಿಡಿದಿದ್ದಳು. ಹೊಳೆವ್ವನಿಗೆ ಆ ಮುಖ ಚೆನ್ನಾಗಿ ಗೊತ್ತು, ಇಪ್ಪತ್ತು ವರ್ಷ ತನ್ನ ಕನ್ನಡಿಯಲ್ಲಿ ನೋಡಿದ ಮುಖ ಅದು. ಮಂಜವ್ವನಿಗೆ ಹೊಟ್ಟೆಕಿಚ್ಚು! ಅಯ್ಯೋ, ಈ ಗಳಿಗೆಗಾಗಿ ಎಷ್ಟು ಕಾದಿದ್ದಳು!

“ಭಾಳ ಚಲೋ ಕೌದಿ ಐತವ್ವಾ” ಅಂದರು ಸಾಹೇಬರು. “ಕೊಡು, ಜೀಪಿನ್ಯಾಗ ಇಡಿಸ್ತೇನಿ. ದಿಲ್ಲಿ ಚಳಿಗೆ ಇದ ಬೇಕು ನನಗ.”

ಗುತ್ತೆಪ್ಪ ಚಪ್ಪಾಳೆ ತಟ್ಟಿದ. ಒಂದು ಮೂಲೆ ಬಾಯಿ ತೆರೆದುಕೊಂಡೇ ಇತ್ತು. ರೊಟ್ಟಿಯ ಚೂರು ಹೊಳೆವ್ವನ ಕೈಯಲ್ಲಿತ್ತು, ದಾರ ಪೋಣಿಸಿದ ಸೂಜಿ ಸೆರಗಿನಲ್ಲಿತ್ತು. ಇಟ್ಟು ಹೊಲಿದರೆ ಮುಗಿಯಿತು. ಕೌದಿ ದಿಲ್ಲಿಗೆ, ಮಂಜವ್ವ ಮಣ್ಣಿಗೆ. ಕೈ ಮೂಲೆಯವರೆಗೂ ಹೋಯಿತು. ಒಳಗಿನ ಆ ಗಂಟು ಬೆರಳಿಗೆ ಹತ್ತಿತು.

“ಇವತ್ತ ಬ್ಯಾಡ್ರಿ ಸಾಹೇಬ್ರ” ಅಂದಳು.

“ಯಾಕವ್ವಾ?”

“ಒಳಗೊಂದು ಸಾಲು ತಪ್ಪೈತ್ರಿ. ಮ್ಯಾಲೆ ತ್ಯಾಪಿ ಹಾಕೇನಿ. ಬಿಚ್ಚಿ ಹೊಲದು, ಗುತ್ತೆಪ್ಪನ ಕೈಯಾಗ ಕಳಸ್ತೇನಿ.”

ಜನ ಮುಸಿಮುಸಿ ನಕ್ಕರು. ಗುತ್ತೆಪ್ಪ ಕಣ್ಣು ಬಿಟ್ಟ. ಸಾಹೇಬರಿಗೆ ಸಿಟ್ಟೇನೂ ಬರಲಿಲ್ಲ, ತಮಾಷೆ ಅನ್ನಿಸಿತು. ಎದ್ದು ಧೋತರ ಜಾಡಿಸಿಕೊಂಡು ಹೊಟ್ಟೆ ಕುಣಿಸಿ ನಕ್ಕರು.

“ಏ ತಂಗಿ, ಒಳಮಗ್ಗಲ ಯಾರ ನೋಡ್ತಾರ? ಮ್ಯಾಲೆ ಚಂದ ಇದ್ರ ಆತಲ್ಲ!”

ಎಲ್ಲರೂ ನಕ್ಕರು. ಎದುರು ಕಟ್ಟೆಯಿಂದ ಮಂಜವ್ವನೂ ನಕ್ಕಳು. ಅವಳಿಗೆ ಆ ಮಾತು ಸರಿಯಾಗಿಯೇ ಕಂಡಿರಬೇಕು. ಹೊಳೆವ್ವ ಮಾತ್ರ ನಗಲಿಲ್ಲ. ಜೀಪು ಗರಸು ಹಾರಿಸುತ್ತಾ ಹೋಯಿತು. ಗಾಲಿಯ ಕೆಳಗೆ ಹಳೆಯ ಗುಂಡಿ ಮತ್ತೆ ಬಾಯಿ ತೆರೆದಿತ್ತು.

ಮಧ್ಯಾಹ್ನ ಅಂಗಳದ ಬಿಸಿಲಲ್ಲಿ ಕೌದಿ ಬೋರಲು ಹಾಕಿಕೊಂಡು ಕುಳಿತಳು. ಮೊದಲು ಕೆಂಪು ತುಂಡು ಕಿತ್ತಳು. ಆಮೇಲೆ ಆ ಸೊಟ್ಟ ಸಾಲು, ಒಂದೊಂದೇ ಹೊಲಿಗೆ, ಸೂಜಿಯ ಮೊನೆಯಿಂದ ಎತ್ತಿ ಎತ್ತಿ ಬಿಚ್ಚಿದಳು. ನೀಲಪ್ಪ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೀಡಿ ಹಚ್ಚಿದ.

“ಹುಚ್ಚಿ. ದಿಲ್ಲಿಗೆ ಹೋಗೋದನ್ನ ನಿಂದರ್‍ಸಿದಿ.”

“ದಿಲ್ಲಿಯಾಗ ಅದನ್ನ ಹೊತ್ಕೊಂಡವರ ಮೈಗೆ ಗಂಟು ಚುಚ್ಚಿದ್ರ ಯಾರ ಹೆಸರು ಹೇಳ್ತಾರ? ನನ್ನ ಹೆಸರು.”

“ಓಟಾದ್ರೂ ಅವರಿಗೇ ಹಾಕ್ತೀಯೋ, ಅದನ್ನೂ ಬಿಚ್ಚಿದೇನು?”

ಹೊಳೆವ್ವ ತಲೆ ಎತ್ತಲಿಲ್ಲ. “ನೋಡ್ರಿ, ಅಕ್ಕನ ಹೊಲದ ಅರ್ಜಿಯಾಗಿನ ತಪ್ಪು ನಮಗ ಗೊತ್ತಾಗ್ತಿರಲಿಲ್ಲ. ಆದ್ರೂ ಆ ಮನಷ್ಯಾ ಬಸ್ಸ ಹತ್ತಿ ಬಂದು ಹೇಳಿದ. ಇವರು ಎಲ್ಲಾರಿಗೂ ಗೊತ್ತಿದ್ದ ಗುಂಡಿಗೆ ಗರಸ ಮುಚ್ಚಿ ಹೋದ್ರು. ನಾಳೆ ಇವರು ದಿಲ್ಲಿಯಾಗ ಕುಂತು ಏನೇನ ಹೊಲಿತಾರೋ, ಅದರ ಒಳಮಗ್ಗಲ ನಮ್ಮ ಮೈಗೇ ಹತ್ತೋದಲ್ಲೇನು?”

“ಹಂಗಂದ್ರ ಕಂದೀಲು. ಹಂಗಂದ್ರ ಮಂಜವ್ವನ ಜೋಡಿ.”

ಸೂಜಿ ನಿಂತಿತು. ಅದೊಂದನ್ನು ನುಂಗುವುದು ಅವಳಿಗೆ ಎಷ್ಟು ಕಷ್ಟವಾಯಿತು ಅನ್ನುವುದು ನೀಲಪ್ಪನಿಗೆ ಕಂಡಿತು. ಬೀಡಿ ಆರಿಸಿ ಎದ್ದು ಹೋದ.

ಓಟಿನ ದಿನ ಶಾಲೆಯ ಮುಂದೆ ಹೆಂಗಸರ ಸಾಲು. ಹೊಳೆವ್ವನ ಮುಂದೆಯೇ ಮಂಜವ್ವ! ಗುಲಾಬಿ ಸೀರೆ, ತಲೆತುಂಬಾ ಸೇವಂತಿಗೆ, ಸಾಲಿನಲ್ಲಿದ್ದವರೆಲ್ಲರ ಜೊತೆ ಮಾತು. ಹೊಳೆವ್ವ ಆ ಹೂವನ್ನೇ ನೋಡುತ್ತಾ ಮುಕ್ಕಾಲು ಗಂಟೆ ನಿಂತಳು. ಒಳಗೆ ಬೆರಳಿಗೆ ಶಾಯಿ ಹಚ್ಚಿದರು, ಕಾಗದ ಕೊಟ್ಟರು, ಶಿಕ್ಕಾ ಕೊಟ್ಟರು. ಗೋಣಿತಟ್ಟಿನ ಮರೆಗೆ ಹೋದಳು. ಛತ್ರಿ ಇತ್ತು, ಕಂದೀಲು ಇತ್ತು. ಈಗಷ್ಟೇ ಇದೇ ಜಾಗದಲ್ಲಿ ನಿಂತು ಮಂಜವ್ವ ಕಂದೀಲಿಗೆ ಒತ್ತಿ ಹೋಗಿದ್ದಾಳೆ ಅನ್ನುವುದು ನೆನಪಾಗಿ ಕೈ ಒಮ್ಮೆ ಛತ್ರಿಯ ಕಡೆ ವಾಲಿತು. ಅಲ್ಲೇ ನಿಂತಿತು. ಗಂಟು ಬಿದ್ದ ದಾರ ಮತ್ತೆ ಬೆರಳಿಗೆ ಹತ್ತಿದ ಹಾಗಾಯಿತು. ಹೊಳೆವ್ವ ಕಂದೀಲಿನ ಮೇಲೆ ಶಿಕ್ಕಾ ಒತ್ತಿದಳು, ಗಟ್ಟಿಯಾಗಿ, ನೆಟ್ಟಗೆ, ಗೆರೆ ದಾಟದ ಹಾಗೆ.

ಹೊರಗೆ ಬೇವಿನ ಗಿಡದ ಕೆಳಗೆ ಮಂಜವ್ವ ಕಾದಿದ್ದಳು. “ಯಕ್ಕಾ, ನಾ ಕಂದೀಲಿಗೆ ಹಾಕಿದ್ನಿ ಬೇ. ನೀ ಸಂತಿಗೆ ಹೋದ ದಿನ ವಕೀಲ ಸಾಹೇಬ್ರ ಮನಿಯವರು ಬಂದು ನನ್ನ ಒಲಿ ಮುಂದ ಕುಂತು ರೊಟ್ಟಿ ಬಡದ್ರು. ನಮ್ಮ ಜೋಡಿ ಕುಂತು ಉಣ್ಣೂ ಮಂದಿ ಆದ್ರ ಸಾಕು ನನಗ. ನೀ ಯಾರಿಗೆ ಹಾಕಿದಿ?”

ವಕೀಲರ ಹೆಂಡತಿ ಬಂದಿದ್ದರಾ? ರೊಟ್ಟಿ ಬಡಿದರಾ? ಅದೂ ಇವಳ ಒಲೆಯ ಮುಂದೆಯಾ? ಹೊಳೆವ್ವನ ಎದೆಯಲ್ಲಿ ಆರಿದ್ದ ಕೆಂಡ ಮತ್ತೆ ಹೊತ್ತಿಕೊಂಡಿತು.

“ನಿನಗ್ಯಾಕ ಬೇಕ ಅದು?” ಅಂದಳು. “ನನ್ನ ಕಟ್ಟಿ ಮ್ಯಾಲೆ ಯಾರ ಕುಂತಿದ್ರು ಅಂತ ಊರಿಗೇ ಗೊತ್ತೈತಿ.”

“ಛತ್ರಿಗೆ ಹಾಕಿದೇನು? ಹಾಕು ಹಾಕು, ಅವರೂ ದೊಡ್ಡವರ.” ಮಂಜವ್ವ ಒಂದು ಸೇವಂತಿಗೆ ಕಿತ್ತು ಅವಳ ತುರುಬಿಗೆ ಸಿಕ್ಕಿಸಿ ಹೋದಳು.

ಯಾರು ಗೆದ್ದರು, ಯಾರು ಸೋತರು ಅನ್ನುವ ಗದ್ದಲವೆಲ್ಲಾ ಅಡಗಿದ ಮೇಲೆ ಹೊಳೆವ್ವ ಕೌದಿ ಮುಗಿಸಿದಳು. ಎರಡೂ ಮಗ್ಗಲು ಒಂದೇ ಹಾಗೆ. ರೊಟ್ಟಿ ಇಟ್ಟು ಮೂಲೆ ಮುಚ್ಚಿ ಗುತ್ತೆಪ್ಪನಿಗೆ ಕೊಟ್ಟಳು. ನೀಲಪ್ಪ ಬಾಯಿ ಬಿಟ್ಟು ನೋಡಿದ. “ಓಟ ಹಾಕಲಿಲ್ಲ, ಕೌದಿ ಯಾಕ ಕೊಟ್ಟಿ?” ಅಂತ ಪಿಸುಗುಟ್ಟಿದ. “ಮಾತು ಕೊಟ್ಟಿದ್ದು ಕೌದಿದು. ಓಟಿಂದು ಯಾರಿಗೂ ಕೊಟ್ಟಿರ್ಲಿಲ್ಲ” ಅಂದಳು.

ಗುತ್ತೆಪ್ಪ ಖುಷಿಯಾಗಿ ಛತ್ರಿ ಪಾರ್ಟಿಯ ದೊಡ್ಡ ನೀಲಿ ಬ್ಯಾನರನ್ನು ಇಳಿಸಿ ತಂದು ಕೊಟ್ಟ. “ನಮ್ಮ ಪಾರ್ಟಿ ಅಕ್ಕಾ ನೀವು, ಇದು ನಿಮಗ” ಅಂದ. ಇಲೆಕ್ಷನ್ ಮುಗಿದ ಮೇಲೆ ಬ್ಯಾನರಿನ ಅರಿವೆ ಕೌದಿ ಹೊಲಿಯುವವರ ಪಾಲು. ಕಂದೀಲಿನ ಬ್ಯಾನರು ಮಂಜವ್ವನ ಪಾಲಾಗಿತ್ತು. ಕೆಂಪಂಚಿನ ಬಿಳಿ ಖಾದಿ. ಮೆತ್ತಗೆ, ದಪ್ಪಗೆ, ಒಳಗೆ ಹಾಸಲು ಹೇಳಿ ಮಾಡಿಸಿದಂಥದ್ದು. ಹೊಳೆವ್ವನ ಛತ್ರಿ ಅರಿವೆ ಮೇಲೆ ಮಿಂಚುತ್ತಿತ್ತು, ಕೈಯಲ್ಲಿ ಹಿಡಿದರೆ ಗಂಜಿ ಉದುರುತ್ತಿತ್ತು.

ಮಂಜವ್ವ ಎದುರಿನಿಂದ ಕೂಗಿದಳು. “ಯಕ್ಕಾ, ಆ ನೀಲಿ ಬಣ್ಣ ನನಗ ಭಾಳ ಸೇರೇತಿ. ಅದಲಿ ಬದಲಿ ಮಾಡೋಣೇನು?”

ಹೊಳೆವ್ವ ಅರ್ಧ ಎದ್ದಳು. ಕಂದೀಲಿನ ಅರಿವೆ! ಮರುಕ್ಷಣವೇ ಕುಳಿತಳು. ತನ್ನ ಪಾರ್ಟಿಯ ಬ್ಯಾನರನ್ನು ಅಷ್ಟು ಸುಲಭವಾಗಿ ಬಿಟ್ಟುಕೊಟ್ಟರೆ ಮಂಜವ್ವನಿಗೆ ತಿಳಿಯುವುದಿಲ್ಲವೇ? ಇಬ್ಬರೂ ಒಂದೇ ಗುರುತಿಗೆ ಒತ್ತಿದ್ದು ಆ ನಗುವವಳಿಗೆ ತಿಳಿಯುವುದೇ?

“ಬ್ಯಾಡವಾ” ಅಂದಳು. “ನಮ್ಮ ಪಾರ್ಟಿ ಅರಿವಿ ನಮಗಿರ್ಲಿ.”

ಮಂಜವ್ವ ಭುಜ ಕುಣಿಸಿ ಕಂದೀಲಿನ ಅರಿವೆಯನ್ನು ಕಟ್ಟೆಯ ಮೇಲೆ ಹಾಸಿ ಹಾಡುತ್ತಾ ಕುಳಿತಳು. ಹೊಳೆವ್ವ ನೀಲಿ ಛತ್ರಿಯನ್ನು ಬೋರಲು ಹಾಕಿ ಅಂಚಿನಿಂದ ಹೊಲಿಗೆ ಶುರು ಮಾಡಿದಳು. ಒಂದು ಕಣ್ಣು ಸೂಜಿಯ ಮೇಲೆ, ಒಂದು ಕಣ್ಣು ಆ ಬಿಳಿ ಖಾದಿಯ ಮೇಲೆ. ಅರ್ಧ ಸಾಲು ಆಗುವಷ್ಟರಲ್ಲಿ ಹೊಲಿಗೆ ಒಂದು ಕಾಳಿನಷ್ಟು ಸರಿಯಿತು. ಬಿಚ್ಚಿದಳು.